ಹೆಸರಿಡದ ಕೂಸಿನ ಕೋಕೋ ಮರ

...ಅದಕ್ಕೇ ಹೇಳಿದ್ದು, ಕೆಸೇವಾ ಅತ್ತೆಯ ಕೋಕೋ ತೋಟವನ್ನು ದೂರದಿಂದ ನೋಡಿದವರು ಕಾಡು ಅಂತಲೇ ತಿಳಿಯುತ್ತಿದ್ದರು. ನಮ್ಮ ಸೆಫ್ವಿ ಸೀಮೆಯವರೆಲ್ಲ ದೊಡ್ಡ ಮರಗಳನ್ನು ಕಡಿದು ಬಯಲು ಬಿಸಿಲಲ್ಲಿ ಕೋಕೋ ನೆಟ್ಟಾಗ ಅತ್ತೆ ಮತ್ತು ಅವರ ಗಂಡ ಒಂದು ಮರವನ್ನೂ ಮುಟ್ಟಲಿಲ್ಲ. ಮೇಲೆ ಮುಗಿಲೆತ್ತರದ ಓಫ್ರಾಮ್ ಮರಗಳು, ಅವುಗಳ ನೆರಳಲ್ಲಿ ಕೋಕೋ, ಸಂದಿಯಲ್ಲಿ ಬಾಳೆ, ನೆಲದಲ್ಲಿ ಕೆಸು. ಚಾಕೊಲೇಟ್ ಮಾಡಿ ಮಾರುವ ನಾನಂತೂ ಒಮ್ಮೆ ಆ ಬೀಜ ಹುರಿದು ನೋಡಿದ ಮೇಲೆ ಬೇರೆಯವರ ಬೀಜ ಕೊಳ್ಳಲೇ ಇಲ್ಲ.

ಕಾಯಿ ಒಡೆಯಲು ಅಕ್ಕಪಕ್ಕದ ತೋಟದವರೂ ನಾನೂ ಹೋಗಿ ಕೂರುತ್ತಿದ್ದೆವು. ಪಕ್ಕದ ತೋಟದ ಬಾಡು ಪ್ರತಿ ಸಲ ಕೆಣಕುತ್ತಿದ್ದ.

“ಅಕ್ಕಾ, ಭಾವ ಕೋಕೋ ಬೆಳೆದ್ರೋ ಇಲ್ಲ ಕೋತಿ ಸಾಕಿದ್ರೋ?”

“ನೆರಳಿಲ್ಲದ ನಿನ್ ತೋಟದಲ್ಲಿ ಓತಿಕ್ಯಾತಕ್ಕೂ ಬೆವರು ಬರುತ್ತೆ. ಬಾಯ್ ಮುಚ್ಕೊಂಡು ಕಾಯಿ ಒಡಿ.”

ತೋಟದ ನಡುವಿನ ಒಂದು ಮರದ ಕಾಯನ್ನು ಮಾತ್ರ ಅತ್ತೆ ತಾವೇ ಕೊಯ್ಯುತ್ತಿದ್ದರು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಎಂಟನೇ ದಿನಕ್ಕೆ ಹೆಸರಿಟ್ಟ ಮೇಲೆಯೇ ಕೂಸು ಉಳಿಯಲು ಬಂದಿದೆ ಅಂತ ಲೆಕ್ಕ. ಅದಕ್ಕೂ ಮೊದಲೇ ತೀರಿಹೋದರೆ ಅದು ಬಂದು ಹೋದ ನೆಂಟ. ತಾಯಿ ಅಳಬಾರದು, ಕಪ್ಪು ಉಡಬಾರದು. ಅತ್ತೆಯ ಮೊದಲ ಹೆಣ್ಣು ಕೂಸು ಹೆಸರಿಡುವ ಹಿಂದಿನ ದಿನ ಹೋಯಿತು. ಗಂಡ ಹೆಂಡತಿ ಅದನ್ನು ತೋಟದ ನಡುವೆಯೇ ಮಣ್ಣು ಮಾಡಿ, ಮೇಲೊಂದು ಕೋಕೋ ಸಸಿ ನೆಟ್ಟರು. ಆಮೇಲೆ ಹೊಲದ ಕೆಲಸ ಮುಗಿಸಿದವರ ಹಾಗೆ ಮನೆಗೆ ಬಂದು ಉಂಡರು.

ಗಂಡ ತೀರಿಕೊಂಡ ಮರುವರ್ಷ ಆ ಮರದ ಚಿಗುರಿನಲ್ಲಿ ಕೆಂಪು ನರ ಕಂಡಿತು, ಕೊಂಬೆಗಳು ಗಂಟುಗಂಟಾಗಿ ಊದಿಕೊಂಡವು. ಊತರೋಗ. ಅದಕ್ಕೆ ಮದ್ದಿಲ್ಲ. ಕೋಕೋ ಇಲಾಖೆಯವರಿಗೆ ಬೇಗ ಹೇಳಿದರೆ ಆ ಮರವನ್ನೂ ಸುತ್ತಲಿನ ನಾಲ್ಕಾರು ಮರಗಳನ್ನೂ ಬೇರುಸಮೇತ ಕಿತ್ತು ಉಳಿದ ತೋಟ ಕಾಪಾಡಬಹುದು. ಅತ್ತೆಗೆ ಅದು ಗೊತ್ತಿತ್ತು. ಬೇರಿನ ಜೊತೆ ಇನ್ನೇನು ಮೇಲೆ ಬರುತ್ತದೆ ಅನ್ನುವುದೂ ಗೊತ್ತಿತ್ತು. ಊದಿದ ಕೊಂಬೆಗಳನ್ನು ಕಡಿದು ಒಲೆಗೆ ಹಾಕಿದರು. ತಪಾಸಣೆಗೆ ಬಂದವರಿಗೆ ಬೇರೆ ಸಾಲು ತೋರಿಸಿ, ಬೇಯಿಸಿದ ಬಾಳೆಕಾಯಿ ಕೊಟ್ಟು ಕಳಿಸಿದರು.

ಇರುವೆಗಳು ರೋಗ ಹರಡುವ ಹಿಟ್ಟುತಿಗಣೆಗಳನ್ನು ಹೊತ್ತು ಮರದಿಂದ ಮರಕ್ಕೆ ಓಡಾಡಿದವು. ನೋಡನೋಡುತ್ತ ಇಡೀ ತೋಟ ಹಳದಿಯಾಯಿತು. ರೋಗ ಬೇಲಿ ದಾಟಿ ಬಾಡುವಿನ ತೋಟಕ್ಕೂ, ಅದರಾಚೆಗೂ ಹೋಯಿತು. ಇಲಾಖೆಯಿಂದ ಮರ ಕೀಳುವವರು ಬಂದ ಬೆಳಿಗ್ಗೆ ಅತ್ತೆ ಎಲ್ಲರೆದುರು ನಿಜ ಹೇಳಿದರು. ಬಾಡು ಕತ್ತಿ ಹಿಡಿದು ನಿಂತಿದ್ದ.

“ಒಂದ್ ಮಾತು ಹೇಳಬಾರದಿತ್ತಾ ಅಕ್ಕಾ? ನಮ್ಮಪ್ಪ ಹಾಕಿದ್ ತೋಟ ಅದು.”

“ಏನಂತ ಹೇಳ್ಲಿ? ಅದಕ್ಕೆ ಹೆಸರೇ ಇರ್ಲಿಲ್ವಲ್ಲೋ.”

ಬಾಡು ಕೀಳುವವರನ್ನು ದೂರ ಕಳಿಸಿ, ಕತ್ತಿ ಇಟ್ಟು, ಗುದ್ದಲಿ ತಗೊಂಡು ಆ ಮರವನ್ನು ತಾನೊಬ್ಬನೇ ಅಗೆದ. ಕೊನೆಗೆ ಮೊಣಕಾಲೂರಿ ಕೈಯಲ್ಲಿ ಮಣ್ಣು ತೆಗೆದ. ನಾನು ಅತ್ತೆಯ ಪಕ್ಕದಲ್ಲಿದ್ದೆ. ಏನೂ ಸಿಗಲಿಲ್ಲ. ಬರೀ ಬೇರು, ಕಪ್ಪು ಮಣ್ಣು, ಎರೆಹುಳ.

“ಏನಿಲ್ಲ ಅಕ್ಕಾ,” ಅಂದ. “ಅಳೋದಿದ್ರೆ ಈಗ ಅತ್ತುಬಿಡು. ಯಾರೇನೂ ಅನ್ನಲ್ಲ.”

“ಬರ್ತಿಲ್ಲ ಕಣೋ,” ಅಂದರು ಅತ್ತೆ.

ಅವನು ಮಣ್ಣು ಮುಚ್ಚಿ ಹೋದ. ಆವತ್ತಿನಿಂದ ಅತ್ತೆಯ ಜೊತೆ ಮಾತಿಲ್ಲ. ಅವನನ್ನು ದೂರುವ ಹಾಗೂ ಇಲ್ಲ, ಅವನಿಗೂ ಈಗ ತೋಟವಿಲ್ಲ.

ಓಫ್ರಾಮ್ ಮರಗಳು ನಿಂತಿವೆ, ಅವಕ್ಕೆ ಆ ರೋಗ ತಗಲುವುದಿಲ್ಲ. ಅತ್ತೆ ಬಾಳೆ ಹಾಕಿ, ಅದರ ನೆರಳಿಗೆ ಹೊಸ ಕೋಕೋ ಸಸಿ ಊರಿದ್ದಾರೆ. ಕಾಯಿ ಬರಲು ವರ್ಷಗಳು ಬೇಕು, ಅವರಿಗೋ ವಯಸ್ಸಾಯಿತು. ಊರಿನವರು ಆ ದಾರಿಯಲ್ಲಿ ಹೋಗುವಾಗ ಮುಖ ತಿರುಗಿಸುತ್ತಾರೆ. ನೀವು ಊರಿನವರಲ್ಲ, ನೀವು ಕಳೆದುಕೊಂಡದ್ದೇನಿಲ್ಲ. ಒಮ್ಮೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ಸಸಿಗಳ ಹತ್ತಿರವೇ ಸಿಗುತ್ತಾರೆ. ಏನೂ ಕೇಳಬೇಕಾಗಿಲ್ಲ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.