ಲೋಬಾನದ ಹೊಗಿ ತಾಗಿದ ಎಂಟು ತಾಯಿನೊಣ

ಮೂರನೇತ್ತಾ ಸಾಲಿ ಕಲಿತ ಮುದುಕಿ ನಾ. ಖರೆ ನೊಣದ ತತ್ತಿಯೊಳಗ ಏನು ನಡೀತದ ಅಂತ ಈಗ ಯಾರು ಕೇಳಿದ್ರೂ ಹೇಳ್ತೇನಿ, ಕೇಳದಿದ್ರೂ ಹೇಳ್ತೇನಿ! ಅದರೊಳಗ ದಾರದಂಥ ಎಳಿ ಜೋಡಿ ಜೋಡಿ ಇರ್ತಾವ್ರಿ. ಜೋಡಿ ಬಿಟ್ಟು ಸಮ ಅರ್ಧ ಆಗಬೇಕು. ಯಾವಾಗ ಬಿಡಬೇಕು, ಹ್ಯಾಂಗ ಬಿಡಬೇಕು ಅನ್ನೋದು ಒಂದು ಜೀನಿನ ಕೈಯಾಗ. ಅದು ಕೆಟ್ರ ತತ್ತಿ ಒಡದು ಮರಿ ಬರಂಗಿಲ್ಲ. ಇದು ನನ್ನ ಮೊಮ್ಮಗಳ ಓದು.

ಅಕಿ ಬೀದರಿನ ನೌಬಾದದಾಗ ರೂಮ್ ಮಾಡಿದ್ಲು. ಅಡಗಿ ಮಾಡಿ ಹಾಕ್ಲಾಕ ನಾ ಭಾಲ್ಕಿ ಕಡಿಂದ ಬಂದಿದ್ನಿ. ಕಾಲೇಜಿನ್ಯಾಗ ತಂಪು ಮಾಡೋ ಮಷೀನ್ ಕೆಟ್ಟಿತ್ತಂತ ಹಣ್ಣಿನ ನೊಣದ ಬಾಟ್ಲಿ ಮನಿಗೇ ತಂದಿಟ್ಟಿದ್ಲು. ಕೆಟ್ಟ ಜೀನಿನ ನೊಣಕ್ಕ ಒಳ್ಳೆ ಜೀನು, ಹರಿದ ಅರಿವಿಗಿ ರಫೂ ಹಾಕಿದಂಗ ಹಾಕಿ ಬೆಳೆಸಿದ ಎಂಟು ಹೆಣ್ಣು, ಜೊತಿಗಿ ಗಂಡು. ಇವುಗಳ ತತ್ತಿ ಒಡೆದ್ರ ಅದು ಆ ಜೀನಿಂದೇ ಕೆಲಸ ಅಂತ ರುಜು ಆಗ್ತದ. ಸತ್ರ ಎರಡು ವರ್ಷದ ಓದು ಮತ್ತ ಮೊದಲಿಂದ.

ಬೇಸ್ತವಾರ ಮುಂಜಾನಿ ಅಕಿ ಹೋದ ಮ್ಯಾಲ ಕಸ ಹೊಡದು ಕೆಂಡದ ಮ್ಯಾಲ ಲೋಬಾನ ಹಾಕಿದ್ನಿ. ಹೊಗಿ ಒಂದು ಮೂಲಿನೂ ಬಿಡಬಾರದು, ನಮ್ಮ ಮನಿ ಪದ್ಧತಿ. ಬಾಟ್ಲಿ ಬಾಯಿಗಿ ತುರುಕಿದ ಹತ್ತಿಗೂ ಹಿಡಿದ್ನಿ, ನೊಣಕ್ಕ ಒಳ್ಳೇದಾಗ್ಲಿ ಅಂತ ಒಂದು ಚಿಟಿಕಿ ಜಾಸ್ತೀನೇ. ತಿರುಗಿ ನೋಡಿದ್ರ ಎಲ್ಲಾ ಕೆಳಗ ಬಿದ್ದಾವ!

ಕಿಡಕಿ ತೆಗದು ಅಕಿಗಿ ಫೋನ್ ಹಚ್ಚಿದ್ನಿ.

“ಬಾಟ್ಲಿ ಅಡ್ಡ ಮಲಗಿಸು ಆಯಿ! ತಳದಾಗಿನ ಬೆಲ್ಲದ ಗಂಜಿಗಿ ರೆಕ್ಕಿ ಅಂಟಿದ್ರ ಏಳಂಗಿಲ್ಲ. ನಾ ಬಂದೆ.”

ಮಲಗಿಸಿ ಸೆರಗಿಲೆ ಗಾಳಿ ಹಾಕ್ಕೋತ ಕುಂತ್ನಿ. ಅಕಿ ಬಂದ್ಲು, ಚಪ್ಪಲ್ ಸುದ್ದಾ ಬಿಡಲಿಲ್ಲ. ಬೈದಿದ್ರ ಹಗುರ ಆಗ್ತಿತ್ತು, ಬೈಲಿಲ್ಲ. ಇಬ್ಬರೂ ಬಾಟ್ಲಿಗಿ ಮಾರಿ ಹಚ್ಚಿದೆವು. ಉಸುರಿಗಿ ಗಾಜು ಮಬ್ಬಾಗ್ತದಂತ ನಾ ಉಸುರೂ ಹಿಡಿದ್ನಿ. ಒಂದರ ಕಾಲು ಅಲಗಾಡ್ತು. ಎಷ್ಟೋ ಹೊತ್ತಿಗಿ ಇನ್ನೊಂದು. ಗಂಡೂ ಎದ್ದವು, ಆರು ಹೆಣ್ಣೂ ಎದ್ದವು. ಎರಡು ಹೆಣ್ಣು ಏಳಲಿಲ್ಲ.

“ನನ್ನ ನೊಣಕ್ಕ ದೆವ್ವ ಬಿಡಿಸಿದೇನು ಆಯಿ?” ಅಂದ್ಲು, ನಗಲಿಲ್ಲ. “ಇನ್ನ ತತ್ತಿ ಇಡ್ತಾವೋ ಇಲ್ಲೋ.”

ಮರುದಿನ ಇಟ್ಟವು, ನುಚ್ಚಿಗಿಂತ ಸಣ್ಣವು. ಒಡೆಯೋತನಕ ಮತ್ತೊಂದು ದಿನ. ಶನಿವಾರ ಅಕಿ ಭೂತಗನ್ನಡಿ ಹಿಡಿದು ನೋಡಿ ನನ್ನ ಕೈಗಿ ಕೊಟ್ಲು. ಸಿಪ್ಪಿ ಖಾಲಿ! ಮರಿಹುಳ ಗಂಜಿಯೊಳಗ ಹರಿದಾಡ್ಲಾಕತ್ತಿದ್ದವು. ಅಕಿ ನನ್ನ ಅಪ್ಪಿಕೊಂಡು ಅತ್ತಳು.

ಔರಾದದಾಗಿರೋ ಅಕಿ ಅವ್ವಗ ಫೋನ್ ಮಾಡಿ, “ನಿನ್ನ ಮಗಳ ನೊಣಕ್ಕ ಮಕ್ಕಳಾದವೇ! ಅಕಿ ಅಳ್ಲಾಕತ್ತಾಳ!” ಅಂದ್ನಿ.

“ನೊಣಕ್ಕ ಮಕ್ಕಳಾದ್ರ ಅಳ್ತಾರೇನವ್ವಾ?”

“ನಿನಗೇನು ತಿಳೀತದ? ಜೋಡಿ ಸರಿ ಬಿಟ್ಟಾವ!”