ಆ ಕೋರ್ಟಿಗೆ ಅಧಿಕಾರವಿರಲಿಲ್ಲ

ಮೈಸೂರಿನವರಾದ ಅಪ್ಪ ಕೇರಳದ ತುಂಬ ಎಂಬ ಊರಿನಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದುಡಿದು, ನಿವೃತ್ತರಾದ ಮೇಲೆ ಅಲ್ಲೇ ಸಮುದ್ರದ ಹತ್ತಿರ ಮನೆ ಕೊಂಡರು. ರಸ್ತೆಗೆ ಹೋಗುವ ದಾರಿ ಪಕ್ಕದವರ ಹಿತ್ತಿಲ ಅಂಚಿನಲ್ಲಿತ್ತು. ಅವರೂ ಅದೇ ಕಚೇರಿಯಲ್ಲಿದ್ದವರು, ಓಣಂಗೆ ತಪ್ಪದೆ ಪಾಯಸ ಕಳಿಸುತ್ತಿದ್ದವರು. ಮಗನಿಗೆ ಮನೆ ಕಟ್ಟಿಸಲು ಹೊರಟಾಗ ಆ ದಾರಿಗೆ ಅಡ್ಡಗೋಡೆ ಎಬ್ಬಿಸಿದರು. ಮಂಡಿನೋವಿನ ಅಮ್ಮ ಹಿಂದಿನ ಚರಂಡಿಯ ಹಲಗೆ ದಾಟಿ ಓಡಾಡಬೇಕಾಯಿತು.

ಅಪ್ಪ ದಾವೆ ಹೂಡಿ ಸೋತರು. ತಿರುವನಂತಪುರದ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿ ಗೆದ್ದರು. ಗೋಡೆ ಬಿದ್ದ ದಿನ ಅಮ್ಮ ಒಳ್ಳೆಯ ಸೀರೆಯುಟ್ಟು, ಏನೂ ಕೆಲಸವಿಲ್ಲದೆ, ರಸ್ತೆಯವರೆಗೆ ನಡೆದುಹೋಗಿ ಬಂದಳು.

ಪಕ್ಕದವರು ಹೈಕೋರ್ಟಿಗೆ ಹೋದರು. ತೀರ್ಪಿನ ದಿನ, ಕೊಚ್ಚಿಯಲ್ಲಿ ಕೆಲಸದಲ್ಲಿದ್ದ ನಾನೇ ರಜೆ ಹಾಕಿ ಎರ್ನಾಕುಲಂನ ಹೈಕೋರ್ಟಿಗೆ ಹೋದೆ. ದಾರಿಯ ಮಾತೇ ಅಲ್ಲಿ ಬರಲಿಲ್ಲ. ದಾವೆಯ ಮೌಲ್ಯ ಜಿಲ್ಲಾ ನ್ಯಾಯಾಲಯದ ಮಿತಿ ಮೀರಿದ್ದರಿಂದ ಮೇಲ್ಮನವಿ ನೇರ ಹೈಕೋರ್ಟಿಗೇ ಬರಬೇಕಿತ್ತು. ಎರಡೂ ಕಡೆಯವರು ಸುಮ್ಮನಿದ್ದ ಮಾತ್ರಕ್ಕೆ ಜಿಲ್ಲಾ ನ್ಯಾಯಾಲಯಕ್ಕೆ ಇಲ್ಲದ ಅಧಿಕಾರ ಹುಟ್ಟುವುದಿಲ್ಲ ಎಂದಿತು ಪೀಠ. ನಾವು ಗೆದ್ದ ತೀರ್ಪು ರದ್ದಾಯಿತು, ಮೊದಲು ಸೋತ ತೀರ್ಪೇ ಉಳಿಯಿತು.

"ವಿಷಮಿಕ್ಕೇಂಡ ಮೋಳೆ," ಬೇಜಾರು ಮಾಡ್ಕೋಬೇಡ ಮಗಳೇ, ಎಂದು ನಮ್ಮ ವಕೀಲರು ಮಲಯಾಳದಲ್ಲಿ ಸಮಾಧಾನ ಹೇಳಿದರು. ಇನ್ನು ಮುಂದೆ ಎಲ್ಲ ಕೋರ್ಟುಗಳಲ್ಲೂ ಈ ತೀರ್ಪನ್ನು ಉದಾಹರಿಸುತ್ತಾರಂತೆ. ಅವರ ಮುಖದಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಅಪ್ಪನಿಗೆ ಫೋನು ಮಾಡಿದೆ.

"ದಾರಿ ನಮ್ದಲ್ಲ ಅಂದ್ರಾ?"

"ಇಲ್ಲಪ್ಪ. ನಿಮ್ದು ಅಂತ ಹೇಳೋ ಅಧಿಕಾರ ಆ ಕೋರ್ಟಿಗೆ ಇರ್ಲಿಲ್ಲ ಅಂದ್ರು."

"ಸರಿಯಾಗೇ ಹೇಳಿದಾರೆ. ಅಧಿಕಾರ ಇಲ್ದೋರು ರುಜು ಹಾಕಿದ್ರೆ ಅದು ಆರ್ಡರೇ ಅಲ್ಲ. ನಿಮ್ಮಮ್ಮನಿಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ."

ಅವರು ಹೇಳಲಿಲ್ಲ. ಮರುವಾರ ಇಟ್ಟಿಗೆ ಇಳಿಸುವ ಸದ್ದು ಕೇಳಿಯೇ ಅಮ್ಮನಿಗೆ ಗೊತ್ತಾಯಿತು.

ಹೈಕೋರ್ಟಿಗೆ ಹೊಸದಾಗಿ ಮೇಲ್ಮನವಿ ಸಲ್ಲಿಸಿದೆವು. ಎರಡು ಮಳೆಗಾಲ ಕಳೆದರೂ ವಿಚಾರಣೆಗೆ ಬರಲಿಲ್ಲ. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಅವರನ್ನು ಚರಂಡಿ ದಾಟಿಸಿಯೇ ಒಯ್ಯಬೇಕಾಯಿತು. ಹಲಗೆ ಕಿರಿದಾಗಿದ್ದರಿಂದ ಹೊತ್ತವರಲ್ಲಿ ಇಬ್ಬರು ನೀರಿಗಿಳಿದರು. ಪಕ್ಕದವರು ಗೋಡೆಯಾಚೆ ತಲೆ ತಗ್ಗಿಸಿ ನಿಂತಿದ್ದರು, ಈಚೆ ಬರಲಿಲ್ಲ.

ಅಮ್ಮ ಈಗ ಕೊಚ್ಚಿಯ ಕಾಕ್ಕನಾಡಿನ ನನ್ನ ಫ್ಲ್ಯಾಟಿನಲ್ಲಿದ್ದಾಳೆ. ತುಂಬದಲ್ಲಿನ ಮನೆಗೆ ಬೀಗ. ಕೇಸಿನಲ್ಲಿ ಅಪ್ಪನ ಬದಲು ನಮ್ಮಿಬ್ಬರ ಹೆಸರು ಸೇರಿದೆ. ಯಾರೂ ನಡೆಯದ ದಾರಿಗೆ ಯಾಕಿನ್ನು ಜಗಳ, ವಾಪಸ್ ತೆಗೆದುಬಿಡೋಣ ಎಂದೆ ಒಮ್ಮೆ.

"ಬೇಡ," ಎಂದಳು ಅಮ್ಮ. "ಹೇಳೋ ಅಧಿಕಾರ ಇರೋರು ಒಂದ್ಸಲ ಹೇಳ್ಲಿ."