ಗುಡ್ಡ ತೋರಿಸದ ಒಂದು ವೀಡಿಯೊ
ನಮ್ಮ ಶಿರೂರಿನ ಗುಡ್ಡನ ಬಲಗೈಯನ್ನು ಬೋಟಿನ ಬಲೆ ಎಳೆಯುವ ಯಂತ್ರ ನುಂಗಿ ಆರು ವರ್ಷವಾಯಿತು. "ಇಷ್ಟ್ ವರ್ಷ ಮೀನ್ ತಿಂದದ್ದಕ್ಕೆ ಒಂದ್ ಕೈ ಮೀನಿಗ್ ಕೊಟ್ ಬಂದೆ ಮಾರಾಯ್ರೆ" ಎಂದೇ ಅವನ ಪ್ರತಿ ವೀಡಿಯೊ ಶುರುವಾಗುವುದು. ಒಂದೇ ಕೈಯಲ್ಲಿ ಲುಂಗಿ ಕಟ್ಟುವುದು, ಬಂಗುಡೆ ಕೊಯ್ಯುವುದು, ಕಾಯಿ ತುರಿಯುವುದು, ಎಲ್ಲವನ್ನೂ ಫೋನಿನಲ್ಲಿ ತೋರಿಸಿಕೊಡುತ್ತಾನೆ. ಲುಂಗಿಯದನ್ನು ನೋಡಿ ಎರಡೂ ಕೈ ಇದ್ದವರು ಹಾಗೇ ಕಟ್ಟಲು ಹೋಗಿ ಕೋಟೇಶ್ವರದ ಬಸ್ಸಿನಲ್ಲಿ ಹನ್ನೊಂದು ಮಂದಿ ಮಾನ ಕಳೆದುಕೊಂಡರು, ನಾನೇ ಎಣಿಸಿದ್ದೇನೆ. ಹೆಂಡತಿ ಕಮಲ ಬೈದರೆ ಮೊದಲು ಫೋನ್ ನೆಟ್ಟಗೆ ನಿಲ್ಲಿಸಿ, "ಈಗ ಇನ್ನೊಂದ್ ಸಲ ಬೈ ಕಾಂಬ" ಎನ್ನುತ್ತಾನೆ. ಆದರೆ ಊಟದ ವೀಡಿಯೊ ಮಾತ್ರ ಇರಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ನಾಲ್ಕು ಜನ ನೋಡಬಾರದೆಂದು ಮದುವೆಮನೆಯಲ್ಲೂ "ಹೊಟ್ಟಿ ಸಮ ಇಲ್ಲೆ" ಎಂದು ಎದ್ದು ಬರುತ್ತಿದ್ದ. ಆರು ವರ್ಷದಿಂದ ಅದೇ ಹೊಟ್ಟೆನೋವು. ಮೊನ್ನೆ ಬಿಜೂರಿನಿಂದ ನವ್ಯಶ್ರೀ ಎಂಬ ಹುಡುಗಿ ಫೋನ್ ಮಾಡಿದಳು: "ನಮ್ ಅಪ್ಪಯ್ಯನ ಬಲಗೈ ಹೋಯ್ತ್. ಬಾಗ್ಲ್ ಹಾಕ್ಕಂಡೇ ಉಂಬುದ್. ನೀವ್ ಹ್ಯಾಂಗೆ ಉಂತ್ರಿ, ಒಂದ್ಸಲ ತೋರ್ಸಿ." ಆ ಭಾನುವಾರ ಗುಡ್ಡ ಮದುವೆಮನೆಯ ಮೊದಲ ಪಂಕ್ತಿಯಲ್ಲೇ ಕೂತು, ನೀರಿನ ಲೋಟಕ್ಕೆ ಫೋನ್ ಒರಗಿಸಿದ. ಅವನ ಎಡಗೈ ಎಲೆಗೆ ಬಂದದ್ದು ಕಂಡು ಬಡಿಸುವವರು ತಡವರಿಸಿದರು. "ಹ್ವಾಯ್, ಅನ್ನ ಹಾಕಿ. ಎಲೆ ಕಾಣಿ, ಕೈ ಕಾಣ್ಬೇಡಿ" ಎಂದ. ಆಮೇಲೆ ಎಲೆ ಖಾಲಿಯಾಗುವವರೆಗೆ ಎಡಗೈಯಲ್ಲೇ ಕಲಸಿ ಉಂಡು, ಆ ವೀಡಿಯೊವನ್ನು ಬಿಜೂರಿಗೆ ಕಳಿಸಿದ. ಮರುದಿನ ಬಿಜೂರಿನಿಂದ ಬಂದದ್ದು ಒಂದೇ ಫೋಟೋ: ದಾರಿಹೋಕರಿಗೆಲ್ಲ ಕಾಣುವ ಜಗಲಿಯಲ್ಲಿ ಒಂದು ತಟ್ಟೆ, ಅದರಲ್ಲಿ ಬರೀ ಮೀನಿನ ಮುಳ್ಳು.